ಸುಗಂಧಾಳ ತೋಳಕ್ಕೆ ಉಣ್ಣೆ ಬಂದದ್ದು

ಐನಾಪುರದ ಧೂಳಪ್ಪ ಕುರುಬರ ಮನೆಯಲ್ಲಿ ಹುಟ್ಟಿದವನು, ಆದರೆ ಆಯುಷ್ಯದಲ್ಲಿ ಒಂದು ಕುರಿಯನ್ನೂ ಕೆತ್ತಲಿಲ್ಲ. ಹುಲಿ ಕೆತ್ತಿದ, ಕರಡಿ ಕೆತ್ತಿದ, ತೋಳವಂತೂ ಅಂಗಳದ ತುಂಬ. ದಿನವಿಡೀ ಕುರಿಯ ಮುಖ ನೋಡಿದವನು ಕಟ್ಟಿಗೆಯಲ್ಲೂ ಅದನ್ನೇ ನೋಡಬೇಕೇ? ನ್ಯಾಯದ ಮಾತೇ ಬಿಡಿ. ಅವನ ಹೊಟ್ಟೆಯುರಿ ಒಂದೇ: ತಮ್ಮನ ಕುರಿಗಳು ಸಂಜೆ ಬಂದು ಅವನ ತೋಳಗಳಿಗೇ ಆರಾಮಾಗಿ ಮೈ ತಿಕ್ಕಿಕೊಳ್ಳುತ್ತಿದ್ದವು.

ಕೈಯ ವಿದ್ಯೆ ತನ್ನ ಜೊತೆ ಮಣ್ಣಾಗಬಾರದೆಂದು ಊರವರಿಗೆ ಕಲಿಸಲು ಕೂತ. ಬಂದವರು ಬಹಳ. ಒಬ್ಬ ಬೆರಳು ಕೊಯ್ದುಕೊಂಡ, ಇನ್ನೊಬ್ಬನಿಗೆ ಬೇಸರ ಬಂತು. ಕಡೆಗೆ ಉಳಿದವಳು ಸುಗಂಧಾ ಒಬ್ಬಳೇ, ಜೈನರ ಭಾವುಸಾಹೇಬನ ಹೆಂಡತಿ. ಅವಳ ಕೈಗುಣ ಕಂಡ ದಿನ ಧೂಳಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದ.

ಅವಳಿಗೆ ಬೇವಿನ ದಿಮ್ಮಿ ಕೊಟ್ಟು, ತೋಳ ಕೆತ್ತು, ಕಣ್ಣು ಮಾತ್ರ ಕಡೆಗೆ ಎಂದು ಹೇಳಿ ಅಥಣಿಯ ಸಂತೆಗೆ ಹೋದ. ಬಂದು ನೋಡಿದರೆ, ತಡೆಯಲಾರದೆ ಅವಳು ಕಣ್ಣನ್ನೇ ಮೊದಲು ಕೆತ್ತಿದ್ದಳು! ತೊಗಟೆ ಬಿಡದ ದಿಮ್ಮಿಯೊಳಗಿಂದ ತೋಳ ನೋಡುತ್ತಿತ್ತು. ಧೂಳಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಭಲೇ ಎಂದು, ಇನ್ನು ಮೂತಿ ಬಿಡಿಸು ಎಂದ. ಸುಗಂಧಾ ಉಳಿ ಕೆಳಗಿಟ್ಟಳು.

"ಕಣ್ಣ ಬಿಟ್ಟೈತ್ರಿ ಕಾಕಾ. ಇನ್ನ ಅದಕ್ಕ ಉಳಿ ಹೊಡದ್ರ ಹಿಂಸಾ ಆಗ್ತೈತಿ."

ಹಿಟ್ಟಿನ ಕೋಳಿಗೂ ಚಾಕು ತಾಗಿಸಬಾರದೆನ್ನುವ ಮನೆತನ ಅವರದು. ಇದು ಬರೀ ಕಟ್ಟಿಗೆ ಎಂದ ಧೂಳಪ್ಪ. ಹಾಗಾದರೆ ಅದರ ಮುಖ ನೋಡಿ ಹೇಳಿ ಎಂದಳು. ಅವನು ದಿಮ್ಮಿಯೆದುರು ಕೂತ, ಬಾಯಿ ತೆರೆದ, ಆ ಕಣ್ಣು ಕಂಡು ಕೆಳಗಿದ್ದ ಉಳಿಯನ್ನು ದೂರ ಸರಿಸಿದ.

ಅಲ್ಲಿಂದ ಶುರುವಾಯಿತು ನೋಡಿ ಅವಾಂತರ. ದಿಮ್ಮಿಗೆ ಸೂರ್ಯ ಮುಳುಗುವ ಮೊದಲೇ ಹಾಲು ಬಂತು. ನಗಲು ಬಂದ ಭಾವುಸಾಹೇಬ ಚಪ್ಪಲಿ ಹೊರಗೆ ಬಿಟ್ಟು, ಮೆಲ್ಲಗೆ ಮಾತಾಡಿರೆಂದು ಎಲ್ಲರನ್ನೂ ಗದರಿಸಿದ. ಮೂಕಪ್ರಾಣಿಯನ್ನು ಕಾಲಿಲ್ಲದಂತೆ ಕಟ್ಟಿಗೆಯಲ್ಲಿ ಸಿಕ್ಕಿಸಿದ್ದಾನೆಂದು ಊರವರು ಧೂಳಪ್ಪನಿಗೆ ಛೀಮಾರಿ ಹಾಕಿದರು. ಅದೆಲ್ಲ ಇರಲಿ. ಇದರ ಗತಿ ಹೀಗಾದರೆ ತಾನು ಮತ್ತೆ ಉಳಿ ಮುಟ್ಟುವುದಿಲ್ಲ ಎಂದಳಲ್ಲ ಸುಗಂಧಾ, ಆ ರಾತ್ರಿ ಧೂಳಪ್ಪ ರೊಟ್ಟಿ ಮುಟ್ಟಲಿಲ್ಲ. ಅವಳೂ ಹೋದರೆ ಅವನ ನಂತರ ಯಾರು?

ಮರುದಿನ ಅಂಗಳದಲ್ಲಿ ಅವನ ತಮ್ಮ ಕೂತು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಕುರಿ ಕಣ್ಣು ಪಿಳುಕಿಸುತ್ತ ಸುಮ್ಮನೆ ಬಿದ್ದಿತ್ತು. ಧೂಳಪ್ಪ ಅದನ್ನೇ ದಿಟ್ಟಿಸಿ, ಸುಗಂಧಾಳನ್ನು ಕರೆದ.

"ಉಣ್ಣಿ ಕತ್ತರಸೂದು ಹಿಂಸಾ ಏನ್ ತಂಗಿ?"

ಅವಳು ಗಂಡನ ಮುಖ ನೋಡಿದಳು. ಅದು ಹಿಂಸೆಯಲ್ಲ, ಬೇಸಿಗೆಯಲ್ಲಿ ಉಪಕಾರ ಎಂದ ಭಾವುಸಾಹೇಬ.

"ಹಂಗಾದ್ರ ಇದರ ಮೈಮ್ಯಾಗ ಇರೂದೆಲ್ಲಾ ಉಣ್ಣೀನ. ಒಳಗ ಇರೂದು..." ಧೂಳಪ್ಪ ಅಂಗಳದ ತನ್ನ ತೋಳಗಳತ್ತ ನೋಡಿದ. "ಒಳಗ ಇರೂದು ಕುರಿ."

ಜನ್ಮವಿಡೀ ಕಾಯ್ದುಕೊಂಡ ಹಟ ಒಂದೇ ಮಾತಿಗೆ ಹೋಯಿತು. ಕತ್ತರಿ ಹಾಕುವ ಮುಂಚೆ ಕುರಿಗೆ ಮೈ ತೊಳೆಸುವುದು ಪದ್ಧತಿಯಲ್ಲವೇ, ದಿಮ್ಮಿಯನ್ನು ಕೃಷ್ಣಾ ಹೊಳೆಗೆ ಒಯ್ದು ಮೀಯಿಸಿ ತಂದರು. ಒಣಗಿದ ಮೇಲೆ ಸುಗಂಧಾ ಉಳಿ ಹಿಡಿದಳು. ಪ್ರತಿ ಚಕ್ಕೆ ಹಾರಿದಾಗಲೂ ನೋವಾಯಿತೇ ಎಂದು ಅದನ್ನೇ ಕೇಳುವಳು. ಜೋಲುಕಿವಿಯ ದಪ್ಪ ಕುರಿ ಹೊರಬಂತು. ತೋಳದ ಆ ಕಣ್ಣನ್ನು ಮಾತ್ರ ಅವಳು ಮುಟ್ಟಲಿಲ್ಲ. ಧೂಳಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ.

ಅದು ಮುಗಿದ ಸಂಜೆ ತಮ್ಮನು ಹಿಂಡು ಹೊಡೆದುಕೊಂಡು ಬಂದ. ಮುಂದಿನ ಟಗರು ಕಟ್ಟಿಗೆಯ ಕುರಿಯನ್ನು ನೋಡಿ ಗಕ್ಕನೆ ನಿಂತಿತು. ಮರುಗಳಿಗೆ ಇಡೀ ಹಿಂಡು ಬೇಲಿ ಮುರಿದು ಕಬ್ಬಿನ ಗದ್ದೆಗೆ ನುಗ್ಗಿತು. ನಾಯಿಯೂ ಚಕ್ಕಡಿಯ ಕೆಳಗೆ ಸೇರಿತು.

ಸುಗಂಧಾ ಗಾಬರಿಯಾಗಿ ಏನು ತಪ್ಪಾಯಿತೆಂದು ಕೇಳಿದಳು. ಧೂಳಪ್ಪ ತಲೆಯ ಪಟಕಾದ ಸೆರಗಿನಿಂದ ಕಣ್ಣೊರೆಸಿಕೊಂಡ.

"ತಪ್ಪೇನೂ ಇಲ್ಲ ತಂಗಿ. ನನ್ನ ತೋಳಕ್ಕ ಒಂದ್ ಮರೀನೂ ಅಂಜಿದ್ದಿಲ್ಲ."

ಆಮೇಲೆ ತಮ್ಮನ ಬೈಗುಳ ಕೇಳುತ್ತ, ನಗುತ್ತ, ಕುರಿ ಹುಡುಕಲು ಕಬ್ಬಿನೊಳಗೆ ಇಳಿದ.