ಮೆಟ್ಟಿಲು ಹಾರಿದವಳು

ಚೈತನ್ಯ ಸರ್ ನನಗೆ ಮೊದಲ ಸಲ ಹೊಡೆದದ್ದು ನಾನು ಸರ್ಜರಿ ವಿಭಾಗಕ್ಕೆ ಸೇರಿದ ವಾರದಲ್ಲೇ. ರೌಂಡ್ಸಿನಲ್ಲಿ ಪ್ರೊಫೆಸರ್ ಕಲ್ಯಾಣಿ ಮೇಡಂ ಸರ್‌ಗೆ ಹಾಕಿದ ಪ್ರಶ್ನೆಗೆ ನಾನು ಬಾಯಿ ಹಾಕಿ ಉತ್ತರ ಕೊಟ್ಟಿದ್ದೆ. ಉತ್ತರ ಸರಿಯಾಗಿತ್ತು. ಕೆನ್ನೆಗೆ ಬಿದ್ದದ್ದು ಅದಕ್ಕೇ.

ನಮ್ಮಲ್ಲಿ ಎಲ್ಲಕ್ಕೂ ಮೆಟ್ಟಿಲುಗಳಿವೆ. ಎಂಬಿಬಿಎಸ್ ಮುಗಿಸಿ, ಹೌಸ್ ಸರ್ಜನ್ ಆಗಿ ರಕ್ತದ ಬಾಟಲಿ ಹೊತ್ತು ಓಡಾಡಿ, ಕೊನೆಗೊಮ್ಮೆ ಡಾಕ್ಟರ್ ಅನ್ನಿಸಿಕೊಂಡ ಮೇಲೂ, ಪಿಜಿಗೆ ಸೇರಿದ ದಿನ ಮತ್ತೆ ತಳಕ್ಕೇ ಬಂದು ನಿಲ್ಲಬೇಕು. ಫಸ್ಟ್ ಇಯರ್ ಏನೇ ಕಂಡರೂ ಸೆಕೆಂಡ್ ಇಯರ್‌ಗೆ ಹೇಳಬೇಕು, ಅವನು ಥರ್ಡ್ ಇಯರ್‌ಗೆ, ಅವರು ಪ್ರೊಫೆಸರ್‌ಗೆ. ನಡುವೆ ಯಾರನ್ನೂ ದಾಟುವಂತಿಲ್ಲ. ಏಟು ಇದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಮೇಡಂ ಆಪರೇಷನ್ ನಡುವೆ ಥರ್ಡ್ ಇಯರ್‌ನ ಚೈತನ್ಯ ಸರ್ ಬೆರಳಿನ ಗೆಣ್ಣಿಗೆ ಇಕ್ಕಳದಿಂದ ಕುಟ್ಟುತ್ತಾರೆ, ಸರ್ ಹೊರಗೆ ಬಂದು ಸೆಕೆಂಡ್ ಇಯರ್‌ನ ದೀಪಕ್‌ನ ಬೆನ್ನಿಗೆ ಗುದ್ದುತ್ತಾರೆ, ದೀಪಕ್ ಕೇಸ್ ಶೀಟನ್ನು ನನ್ನ ಮುಖಕ್ಕೆ ಎಸೆಯುತ್ತಾನೆ. ಪಿಜಿಗಳಲ್ಲಿ ನನ್ನ ಕೆಳಗೆ ಯಾರೂ ಇರಲಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್‌ನಿಂದ ಬೈಸಿಕೊಂಡೇ ನನ್ನನ್ನು ಓದಿಸಿದ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಮಗಳು ಡಾಕ್ಟರಾದರೆ ಅವಳ ಮೇಲೆ ಯಾರೂ ಕೈ ಎತ್ತುವುದಿಲ್ಲ ಎಂದು ಅವಳು ನಂಬಿದ್ದಳು.

ಆ ಭಾನುವಾರ ಬೆಳಿಗ್ಗೆ ಮನು ಎಂಬ ಹುಡುಗನನ್ನು ಬನಶಂಕರಿಯ ನಮ್ಮ ಆಸ್ಪತ್ರೆಗೆ ಕರೆತಂದರು. ಹೊಸಕೆರೆಹಳ್ಳಿ ಕೆರೆಯ ತಿರುವಿನಲ್ಲಿ ಬೈಕಿನಿಂದ ಬಿದ್ದು ಹೊಟ್ಟೆಗೆ ಪೆಟ್ಟಾಗಿತ್ತು. ಸ್ಕ್ಯಾನಿನಲ್ಲಿ ಗುಲ್ಮದ, ಅಂದರೆ ಸ್ಪ್ಲೀನಿನ, ಸುತ್ತ ಸ್ವಲ್ಪ ರಕ್ತ ಕಾಣಿಸಿತು. ಕಾದು ನೋಡೋಣ, ಏನಾದರೂ ಆದರೆ ತಿಳಿಸು ಎಂದು ಹೇಳಿ ಚೈತನ್ಯ ಸರ್ ಪರೀಕ್ಷೆಗೆ ಓದಲು ಡ್ಯೂಟಿ ರೂಮಿಗೆ ಹೋದರು. ದೀಪಕ್ ಬಿರಿಯಾನಿ ತಿನ್ನಲು ಜಯನಗರಕ್ಕೆ ಹೋದ. ಅವತ್ತು ಇಡೀ ಆಸ್ಪತ್ರೆಗೆ ಇದ್ದ ಸರ್ಜನ್‌ಗಳೆಂದರೆ ನಾವು ಮೂವರೇ.

ಮನುವಿನ ಅಪ್ಪ ಬೋರಣ್ಣ ಮಂಚದ ಪಕ್ಕ ನಿಂತಿದ್ದರು. ಹಿಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿರುವ ಮನುಷ್ಯ. ಕೈ ಮಾತ್ರ ಇನ್ನೂ ನೇಗಿಲು ಹಿಡಿದವರದೇ.

ಊಟದ ಹೊತ್ತಿಗೆ ಮನುವಿನ ನಾಡಿ ಓಡತೊಡಗಿತು. ಹೊಟ್ಟೆ ಬಿಗಿಯಾಯಿತು, ತುಟಿ ಬಿಳುಚಿತು. ಒಳಗೆ ರಕ್ತ ಸೋರುತ್ತಿದೆ, ತಕ್ಷಣ ಹೊಟ್ಟೆ ತೆರೆಯದಿದ್ದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ದೀಪಕ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಚೈತನ್ಯ ಸರ್ ಫೋನ್ ಆಫ್ ಆಗಿತ್ತು. ಎದ್ದು ಹೋಗಿ ಅವರ ಬಾಗಿಲು ಬಡಿಯಬಹುದಿತ್ತು. ಅವರು ಓದುವಾಗ ಬಾಗಿಲು ಬಡಿದ ಹೌಸ್ ಸರ್ಜನ್‌ನ ಮೂಗಿನಲ್ಲಿ ರಕ್ತ ಬಂದದ್ದನ್ನು ಹಿಂದಿನ ತಿಂಗಳಷ್ಟೇ ನೋಡಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. ಹೇಗೂ ಏಟು ತಿನ್ನುವುದೇ ಆದರೆ ಕೆಲಸವಾದರೂ ಆಗಲಿ ಎಂದುಕೊಂಡು ನೇರವಾಗಿ ಕಲ್ಯಾಣಿ ಮೇಡಂಗೆ ಫೋನ್ ಮಾಡಿದೆ.

ಅವರು ಬಿಟಿಎಂ ಲೇಔಟಿನಲ್ಲಿ ಯಾರದೋ ಗೃಹಪ್ರವೇಶದಲ್ಲಿದ್ದರು. "ಚೈತನ್ಯ ಏನ್ಮಾಡ್ತಿದಾನೆ? ಅವನಿಗೆ ಓಪನ್ ಮಾಡೋಕೆ ಬರತ್ತೆ. ನಾನೇ ಹೇಳ್ತೀನಿ, ನೀನು ಥಿಯೇಟರ್ ರೆಡಿ ಮಾಡ್ಸು. ನಾನು ಹೊರಟೆ," ಎಂದರು.

ಅವರು ಡ್ಯೂಟಿ ರೂಮಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಬೈದಿರಬೇಕು. ನಾನು ಮನುವಿನ ಟ್ರಾಲಿ ತಳ್ಳಲು ಬಗ್ಗುತ್ತಿದ್ದೆ. ಹಿಂದಿನಿಂದ ನನ್ನ ಜಡೆ ಯಾರದೋ ಕೈಗೆ ಸಿಕ್ಕಿತು.

"ನನ್ನ ದಾಟಿ ಹೋಗ್ತೀಯೇನೇ?" ಎಂದು ಚೈತನ್ಯ ಸರ್ ನನ್ನ ತಲೆಯನ್ನು ಟ್ರಾಲಿಯ ಕಂಬಿಗೆ ಗುದ್ದಿದರು. ಕೈಗೆ ಸಿಕ್ಕ ಸ್ಟೀಲ್ ಟ್ರೇಯಿಂದ ಕಿವಿಯ ಮೇಲೆ ಬಾರಿಸಿದರು. ಕಿವಿಯಿಂದ ಬಿಸಿಯಾಗಿ ಏನೋ ಕುತ್ತಿಗೆಗೆ ಇಳಿಯಿತು. ಎರಡನೆಯ ಸಲ ಟ್ರೇ ಎತ್ತಿದಾಗ ಬೋರಣ್ಣ ಅಡ್ಡ ಬಂದರು.

"ಹೆಣ್ ಮಗಿನ್ ಮೇಲೆ ಕೈ ಮಾಡ್ತೀಯೇನೋ? ನನ್ ಮಗ ಸಾಯ್ತಾ ಬಿದ್ದವ್ನೆ, ನೀನಿಲ್ಲಿ ಕುಸ್ತಿ ಆಡ್ತಿದೀಯ?"

ಡ್ರಿಪ್ ಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಅವರು ಕಿತ್ತೆತ್ತಿದರು. ಚೈತನ್ಯ ಸರ್ ಮುಖಕ್ಕೆ ಬಲಗೈ ಅಡ್ಡ ಹಿಡಿದರು. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೆಳಗೆ ಬಿದ್ದವರ ಪಕ್ಕೆಗೆ ಬೋರಣ್ಣ ಒದ್ದರು, ಹೊರಗಿದ್ದ ಅವರ ತಮ್ಮಂದಿರೂ ಬಂದು ಒದ್ದರು. ಸುಳ್ಳೇಕೆ, ನನಗೆ ಸಂತೋಷವಾಯಿತು. ಇನ್ನೆರಡು ಬೀಳಲಿ ಎಂದು ಸುಮ್ಮನೆ ನಿಂತೆ. ಆಮೇಲೆ ನೆಲದ ಮೇಲೆ ಓರೆಯಾಗಿ ಬಿದ್ದಿದ್ದ ಆ ಕೈಯನ್ನು ನೋಡಿದೆ. ಮನುವಿನ ಹೊಟ್ಟೆ ತೆರೆಯಬೇಕಾಗಿದ್ದ ಕೈ ಅದೊಂದೇ.

"ಬಿಡ್ರಿ ಅವರನ್ನ," ಎಂದು ನಾನು ಬೋರಣ್ಣನವರ ತೋಳಿಗೆ ಜೋತುಬಿದ್ದೆ. ಅವರು ನನ್ನ ತಲೆ ಸವರಿದರು. "ಹೆದರ್ಕೋಬೇಡ ಕಣವ್ವ. ನಾನಿವ್ನಿ," ಎಂದರು.

ಮೇಡಂ ಫೋನಿನಲ್ಲಿ ಜಯದೇವ ಸಿಗ್ನಲ್ ಹತ್ತಿರ ಕಾರು ಅಲ್ಲಾಡುತ್ತಿಲ್ಲ ಎಂದರು. ದೀಪಕ್ ಇನ್ನೂ ಫೋನ್ ಎತ್ತಿರಲಿಲ್ಲ, ಮನುವಿನ ಬಿಪಿ ಸಿಗುತ್ತಿರಲಿಲ್ಲ. ನಾನೇ ಅವನನ್ನು ಥಿಯೇಟರಿಗೆ ತಳ್ಳಿಕೊಂಡು ಹೋದೆ. ಅದುವರೆಗೆ ನಾನು ಕುಯ್ದ ಹೊಟ್ಟೆಯ ಅಂಚನ್ನು ಎಳೆದು ಹಿಡಿದು ನಿಂತದ್ದು ಬಿಟ್ಟರೆ ಒಳಗೆ ಕೈ ಹಾಕಿದವಳಲ್ಲ. ಚಾಕು ಹಿಡಿದು ನಿಂತಾಗ ಥಿಯೇಟರ್ ಬಾಗಿಲು ತೆರೆಯಿತು. ಚೈತನ್ಯ ಸರ್ ಬಲಗೈಯನ್ನು ಎದೆಗೆ ಕಟ್ಟಿಕೊಂಡು, ತುಟಿಯ ರಕ್ತ ಒರೆಸದೆ ಒಳಗೆ ಬಂದು ನನ್ನೆದುರು ನಿಂತರು.

"ಕುಯ್ಯಿ ವನಿತಾ. ಉದ್ದಕ್ಕೆ. ಇನ್ನೂ ಕೆಳಗೆ," ಎಂದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹೊಟ್ಟೆ ತೆರೆದೊಡನೆ ರಕ್ತ ಉಕ್ಕಿ ನನ್ನ ಚಪ್ಪಲಿಯೊಳಗೆ ಇಳಿಯಿತು. "ಎಡಗಡೆ ಮೇಲೆ ಕೈ ಹಾಕು. ಗುಲ್ಮ ಹಿಡಕೋ. ಬುಡಾನ ಹಿಂಡು. ಅಲ್ಲಲ್ಲ, ಅದು ಹೊಟ್ಟೆ ಚೀಲ. ಅದರ ಹಿಂದೆ." ಅವರ ಎಡಗೈ ಗಾಳಿಯಲ್ಲೇ ಹಿಂಡಿ ತೋರಿಸುತ್ತಿತ್ತು. ನನ್ನ ಬೆರಳುಗಳು ಜಾರಿದವು. ಹಿಡಿದೆ ಅನ್ನಿಸಿತು, ಮತ್ತೆ ಜಾರಿತು. ನಾನು ಇಕ್ಕಳ ಹಾಕುವ ಮೊದಲೇ ಅನಸ್ತೇಸಿಯಾದವರು ಎದೆ ಒತ್ತಲು ಶುರುಮಾಡಿದರು. ಅವರು ಒತ್ತುತ್ತಲೇ ಇದ್ದರು, ನಾನು ಹುಡುಕುತ್ತಲೇ ಇದ್ದೆ.

ಮೇಡಂ ರೇಷ್ಮೆ ಸೀರೆಯಲ್ಲೇ ಒಳಗೆ ಬಂದಾಗ ಎಲ್ಲರೂ ಕೈಬಿಟ್ಟಿದ್ದರು. ಅವರು ಮನುವಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ನನ್ನ ಕಡೆ ತಿರುಗಿದರು. "ಹೋಗಿ ಹೇಳು," ಎಂದರು. ಸಾವಿನ ಸುದ್ದಿ ಹೇಳುವ ಕೆಲಸವೂ ನಮ್ಮಲ್ಲಿ ಫಸ್ಟ್ ಇಯರ್‌ನದೇ.

ಬೋರಣ್ಣ ಬಾಗಿಲಲ್ಲೇ ನಿಂತಿದ್ದರು. ತಮ್ಮಂದಿರನ್ನು ಪೊಲೀಸರು ಕೆಳಗೆ ಕರೆದುಕೊಂಡು ಹೋಗಿದ್ದರು, ಮಗ ಒಳಗಿದ್ದಾನೆಂದು ಇವರನ್ನು ಮಾತ್ರ ಅಲ್ಲೇ ಬಿಟ್ಟಿದ್ದರು. ನಾನು ಹೇಳಿದೆ. ಅವರು ಅಳಲಿಲ್ಲ, ನನ್ನ ರಕ್ತದ ಗೌನನ್ನೇ ನೋಡಿದರು.

"ನೀನೇ ಮಾಡ್ದೇನವ್ವ ಆಪರೇಷನ್ನು?"

"ಹೂಂ."

"ನೀನಿನ್ನೂ ಕಲೀತಿರೋಳಲ್ವ? ಮಾಡೋ ಡಾಕ್ಟ್ರು ಬರ್ಲಿಲ್ವ?"

ಬರಲಿಲ್ಲ ಎಂದು ಹೇಳಿ ಒಳಗೆ ಹೋಗಬಹುದಿತ್ತು. ಸೇರಿದ ದಿನದಿಂದ ಎಲ್ಲರ ಏಟೂ ನನ್ನವರೆಗೆ ಬಂದು ನಿಂತಿತ್ತು. ಇದನ್ನೂ ನಾನೊಬ್ಬಳೇ ಹೊತ್ತುಕೊಳ್ಳಲು ಆಗಲಿಲ್ಲ.

"ಇಲ್ಲೇ ಇದ್ರು," ಎಂದೆ. "ನೀವು ಹೊಡೆದ್ರಲ್ಲ, ಅವರೇ."

ಬೋರಣ್ಣ ಗೋಡೆಯ ಹತ್ತಿರ ಹೋದರು. ಆಮೇಲೆ ತಮ್ಮ ಬಲಗೈಯನ್ನು ಗೋಡೆಗೆ ಅಪ್ಪಳಿಸತೊಡಗಿದರು. ಗೆಣ್ಣುಗಳ ಚರ್ಮ ಕಿತ್ತು ಬಂದರೂ ನಿಲ್ಲಿಸಲಿಲ್ಲ. ಆ ಕೈಯನ್ನು ಹಿಡಿದುಕೊಳ್ಳಲು ಅಲ್ಲಿ ನಾನೊಬ್ಬಳೇ ಇದ್ದೆ.