ಬೋಳು ಕಿವಿಗೊಂದು ಜೊತೆ

ಊರಿನ ಅರ್ಧ ಕಿವಿಗಳನ್ನು ಚುಚ್ಚಿದ ಅಕ್ಕಸಾಲಿಗನ ಮನೆಯಲ್ಲೇ ಒಂದು ಜೊತೆ ಕಿವಿ ಬೋಳಾಗಿ ಉಳಿದಿತ್ತು. ಅದು ಅವನ ಹೆಂಡತಿಯದು. ಮದುವೆಯಾದ ವಾರದಲ್ಲೇ ಅವನು ಸೂಜಿ ಹಿಡಿದು ಬಂದದ್ದನ್ನು ಕಂಡು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡವಳು, "ಇನ್ನು ನಿನ್ನ ಕಿವಿ ಮುಟ್ಟಲ್ಲ ಕಣೇ, ಆಣೆ" ಎಂದು ಅವನು ಅಂದ ಮೇಲೇ ಹೊರಗೆ ಬಂದದ್ದು. ಪುಣ್ಯಾತ್ಮ ನಲವತ್ತೊಂದು ವರ್ಷ ಆ ಮಾತು ಉಳಿಸಿಕೊಂಡ. ಅವಳಿಗೆಂದು ಮಾಡಿದ್ದ ಮುತ್ತಿನೋಲೆ ಡ್ರಾಯರಿನಲ್ಲೇ ಕೂತಿತು.

ಈಗ ಅವನ ಕೈ ನಡುಗುತ್ತಿತ್ತು. ತಿಂಗಳ ಕೊನೆಗೆ ಮುಂಗೋಣೆಯ ಅಂಗಡಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಅಷ್ಟರೊಳಗೆ ಆ ಓಲೆಯನ್ನು ಅವಳ ಕಿವಿಯಲ್ಲಿ ಒಮ್ಮೆ ನೋಡಿಬಿಡಬೇಕು; ಅವನಿಗೆ ಇನ್ನೇನೂ ಬೇಕಿರಲಿಲ್ಲ. ಓಲೆಯ ಕಡ್ಡಿ ಕತ್ತರಿಸಿ ಬೆನ್ನಿಗೆ ಕ್ಲಿಪ್ ಬೆಸೆದ. ಕಿವಿಯ ಅಳತೆ? ಆಣೆಯಿತ್ತಲ್ಲ! ತನ್ನ ಕಿವಿಗಳಿಗೇ ಸಿಕ್ಕಿಸಿಕೊಂಡು, ನೋಯದಷ್ಟು ಸಡಿಲಿಸಿ, ಬೆಳಗಿನಿಂದ ಹಾಗೇ ಕೆಲಸ ಮಾಡಿ ಪರೀಕ್ಷಿಸಿದ. ಮಧ್ಯಾಹ್ನ ಹಾಗೇ ಊಟಕ್ಕೂ ಬಂದುಬಿಟ್ಟ.

ಹೆಂಡತಿ ಸೌಟು ಹಿಡಿದು ನಿಂತುಬಿಟ್ಟಳು. "ಏನ್ರೀ ಇದು, ಈ ವಯಸ್ಸಲ್ಲಿ ಶೋಕಿ?"

ಅವನು ಕಿವಿ ಮುಟ್ಟಿ ನೋಡಿಕೊಂಡು ಪೆಚ್ಚಾದ. "ನಿಂಗೇ ಕಣೇ. ಚುಚ್ಚೋದೇನಿಲ್ಲ, ಸುಮ್ನೆ ಕಚ್ಚಿಕೊಳ್ಳುತ್ತೆ. ನೀನೇ ಹಾಕ್ಕೋ."

ಅವಳು ನಗುತ್ತ ಹಾಕಿಕೊಂಡಳು. ಕನ್ನಡಿಯತ್ತ ತಿರುಗಿದ್ದೇ ತಡ, ಒಂದು ನೀರಿನ ಲೋಟಕ್ಕೆ ಬಿತ್ತು, ಇನ್ನೊಂದು ನೆಲಕ್ಕೆ. ಅವನ ಕಿವಿ ದಪ್ಪ, ಅವಳದು ಎಲೆಯಷ್ಟು ತೆಳು. ಇಷ್ಟು ವರ್ಷ ಎದುರಿಗೇ ಇದ್ದ ಕಿವಿಯ ಅಳತೆ ಗೊತ್ತಿಲ್ಲದವನು ಎಂಥ ಅಕ್ಕಸಾಲಿಗ ಎಂದು ಅವನಿಗೆ ನಾಚಿಕೆಯಾಯಿತು.

"ಬಿಡು, ನನ್ ಕೈ ಕೆಲಸ ಮುಗೀತು," ಎಂದು ಓಲೆಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಲು ಹೋದ.

ಅವಳು ಬಿಡಲಿಲ್ಲ. ಒಲೆ ಆರಿಸಿ, ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕೂದಲು ಹಿಂದಕ್ಕೆ ಸರಿಸಿದಳು. "ಇಕ್ಕಳ ತನ್ನಿ. ಅಳತೆ ತಗೊಳ್ಳಿ."

"ಮತ್ತೆ ಆಣೆ?"

"ಆಣೆ ಹಾಕಿಸಿದವಳು ನಾನು ತಾನೇ? ನಾನೇ ಬಿಟ್ಟೆ, ಹೋಗಿ."

ಹಾಗೆಂದವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಹೆದರಿಕೊಂಡೇ ಕೂತಿದ್ದಳು. ಅದನ್ನು ಕಂಡು ಅವನಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಎರಡು ಬೆರಳಲ್ಲಿ ಆ ಕಿವಿ ಹಿಡಿದ. ಕೈ ನಡುಗಲಿಲ್ಲ ಎಂದರೆ ಸುಳ್ಳು. ನಡುಗುವ ಕೈಯಲ್ಲೇ ಕ್ಲಿಪ್ಪನ್ನು ಎರಡು ಸಲ ಬಗ್ಗಿಸಿ ಕೂರಿಸಿದ.

"ನೋಯ್ತಿದ್ಯೇನೇ?"

"ಸ್ವಲ್ಪ."

"ಸಡಿಲ ಮಾಡ್ಲಾ?"

"ಬೇಡ," ಎಂದಳು ಕಣ್ಣು ತೆರೆಯದೆ, ಮುಖವನ್ನು ಆ ಕಡೆಗೆ ತಿರುಗಿಸುತ್ತ. "ಇನ್ನೊಂದು ಕಿವಿ ಇದೆ."