ಮಾನ್ಯಳ ಹೆಸರಲ್ಲಿ ನೂರಾ ನಲವತ್ತು ಕತೆ

ಮೈಕಲ್ಲಿ ಮಾನ್ಯಳ ಹೆಸರು ಕೂಗಿದ್ದೇ ತಡ, ನಾನು ತಲೆ ಬಗ್ಗಿಸ್ಬುಟ್ಟೆ.

"ತಾಲ್ಲೂಕಿಗೇ ಮೊದಲು! ಎರಡನೇ ಕ್ಲಾಸಿನ ಮಗು, ಆ್ಯಪಲ್ಲಿ ನೂರಾ ನಲವತ್ತು ಕತೆ ಓದಿದಾಳೆ!" ಅಂತ ಅವಳ ಟೀಚರ್ ಆಶಾರಾಣಿ ಅಂದ್ರು. ಅರಕಲಗೂಡಿನ ಆ ಹಾಲ್ ತುಂಬ ಚಪ್ಪಾಳೆ. ಮೊಮ್ಮಗಳು ಮಾತ್ರ ನನ್ನ ಸೆರಗು ಬಿಡ್ತಿಲ್ಲ.

"ಅಜ್ಜಿ, ನಾನು ಓಗಲ್ಲ."

"ಓಗವ್ವ, ಸುಮ್ನೆ ಕಪ್ ಈಸ್ಕೊಂಡು ಬಾ" ಅಂತ ನೂಕ್ದೆ. ಅಂಗೆ ನೂಕಿದ್ದಕ್ಕೆ ಇವತ್ತಿಗೂ ನನ್ನನ್ನೇ ಬೈಕೊತೀನಿ.

ಯಾಕಂದ್ರೆ ಆ ನೂರಾ ನಲವತ್ತರಲ್ಲಿ ಮಗು ಓದಿದ್ದು ಹತ್ತೋ ಹನ್ನೆರಡೋ. ಮಿಕ್ಕಿದ್ದೆಲ್ಲ ಓದಿದ್ದು ನಾನು.

ನಾನು ಅಂದ್ರೆ ಶಿವಗಂಗಮ್ಮ. ನಮ್ಮೂರ ಹೆಂಗಸರ ಹಾಲಿನ ಡೇರಿಗೆ ಒಂಬತ್ತು ವರ್ಷದಿಂದ ಅಧ್ಯಕ್ಷೆ. ಸೈನ್ ಹಾಕಕ್ಕೆ ಬತ್ತಿತ್ತು, ಓದಕ್ಕೆ ಬತ್ತಿರಲಿಲ್ಲ. ಯಾವುದಾದ್ರೂ ಕಾಗದ ಬಂದ್ರೆ "ಅಯ್ಯೋ, ಕನ್ನಡಕ ಮರೆತು ಬಂದೆ ಕಣೆ, ನೀನೇ ಓದಿ ಹೇಳು" ಅಂತಿದ್ದೆ. ಒಂಬತ್ತು ವರ್ಷ ದಿನಾ ಕನ್ನಡಕ ಮರೆತವಳು ಈ ಜಿಲ್ಲೇಲಿ ನಾನೊಬ್ಳೇ ಇರಬೇಕು. ಎಲ್ರೂ ನಂಬಿದ್ರು. ಡೇರಿ ಸದಸ್ಯೆ ದಾಕ್ಷಾಯಣಮ್ಮನಿಗೆ ಮಾತ್ರ ಅನುಮಾನ. ಅವಳಿಗೆ ಮೊದಲಿಂದ್ಲೂ ನನ್ನ ಕುರ್ಚಿ ಮೇಲೆ ಕಣ್ಣು.

ಹೋದ ವರ್ಷ ಆಶಾರಾಣಿ ಟೀಚರ್ ಮನೆಮನೆಗೂ ಬಂದು, ಮಕ್ಕಳು ಓದ್ಲಿ ಅಂತ ಫೋನಿಗೆ ಆ್ಯಪ್ ಹಾಕ್ಕೊಟ್ರು. ಮಗ, ಸೊಸೆ ಫೋನು ಅವರ ಜೊತೆ ಕೆಲ್ಸಕ್ಕೆ ಓಗ್ತವೆ. ಮನೇಲಿರೋದು ನನ್ನದೊಂದೇ. ಅದರಲ್ಲೇ ಮಾನ್ಯಳ ಹೆಸರು ಬರೆದು ಕೊಟ್ರು. ಬೊಂಬೆ ಬತ್ತದೆ, ಒಂದೊಂದೇ ಪದ ಓದಿ ಹೇಳ್ತದೆ, ಹೇಳಿದ ಪದ ಹಳದಿ ಆಗ್ತದೆ. ಮಗು ಎರಡು ಪುಟ ನೋಡಿ ಆಟಕ್ಕೆ ಓಡೋಳು. ನಾನು ಫೋನ್ ಎತ್ಕೊಂಡು ಕೊಟ್ಟಿಗೇಲಿ ಕೂತ್ಕೊಂಡು ಮುಂದಿನ ಪುಟ ನೋಡ್ತಿದ್ದೆ. ಅಂಗೇ ನೋಡ್ತಾ ನೋಡ್ತಾ, ಒಂದಿನ ಹಿಂಡಿ ಮೂಟೆ ಮೇಲಿದ್ದ ಅಕ್ಷರ ತಾನಾಗೇ ಬಾಯಿಗೆ ಬಂದ್ಬುಡ್ತು. ಶಿವನೇ, ಕೂತಲ್ಲೇ ಗೊಳೋ ಅಂತ ಅತ್ತುಬುಟ್ಟೆ.

"ಅಜ್ಜಿ, ನಿಂಗೆ ಇಷ್ಟು ದಿನ ಓದಕ್ಕೆ ಬತ್ತಿರಲಿಲ್ವಾ?" ಬಾಗಿಲಲ್ಲಿ ಮಾನ್ಯ ನಿಂತಿದ್ಲು.

ನಾಚಿಕೆಗೆ ಸಿಟ್ಟು ಬಂತು. ಅವಳ ಕೈ ಎಳೆದು ನನ್ನ ತಲೆ ಮೇಲೆ ಇಟ್ಕೊಂಡೆ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು. ಹೇಳಿದ್ಯೋ, ನಾನು ಸತ್ತೋಗ್ತೀನಿ ನೋಡು." ಮಗು ಆಣೆ ಮಾಡ್ತು. ನಾನು ಆಡಿದ ಮಾತು ನಾನೇ ಮರೆತೆ.

ನಾನು ಓದಿದ್ದೆಲ್ಲ ಟೀಚರ್ ಫೋನಲ್ಲಿ ಮಾನ್ಯ ಓದಿದ್ದು ಅಂತ ಬೀಳ್ತಿದೆ ಅನ್ನೋದು ಗೊತ್ತಾಗೋ ಹೊತ್ತಿಗೆ ಅವಳ ಹೆಸರು ಪಟ್ಟಿಯ ತುದೀಲಿತ್ತು. ಒಂದು ಕಪ್ ಕೊಡ್ತಾರೆ, ಅಲ್ಲಿಗೆ ಮುಗೀತು ಅಂದ್ಕೊಂಡೆ. ಡೇರಿ ಹೆಂಗಸ್ರೆಲ್ಲ ನನ್ನ ಜೊತೆ ಬಸ್ ಹತ್ತಿ ಬಂದಿದ್ರು.

ಆದ್ರೆ ಹಾಸನದಿಂದ ಬಂದಿದ್ದ ಶಿಕ್ಷಣ ಇಲಾಖೆ ಸಾಹೇಬ್ರು ಕಪ್ ಕೊಡ್ಲಿಲ್ಲ. ಮಗು ಕೈಗೆ ಒಂದು ಟ್ಯಾಬ್ ಕೊಟ್ರು. "ಪುಟ್ಟಿ, ಇದು ಹೊಸ ಕತೆ. ಸೌಂಡ್ ಆಫ್ ಮಾಡಿದೀನಿ. ಎಲ್ಲರಿಗೂ ಕೇಳೋ ಹಾಗೆ ಓದು."

ಮಾನ್ಯ ಬೆರಳಿಟ್ಲು. "ಕೆ... ರೆ... ಕೆರೆ..." ಅಲ್ಲಿಗೆ ನಿಂತ್ಲು. ಇನ್ನೊಂದು ಸಲ "ಕೆರೆ" ಅಂದ್ಲು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು.

ಸಾಹೇಬ್ರು ಬಗ್ಗಿ ಮೆತ್ತಗೆ ಕೇಳಿದ್ರು. ಮೈಕ್ ಇತ್ತಲ್ಲ, ಎಲ್ಲರಿಗೂ ಕೇಳಿಸ್ತು. "ಆ ಕತೆಗಳನ್ನ ನಿಜವಾಗ್ಲೂ ನೀನೇ ಓದಿದ್ದಾ?"

"ನಾನೇ."

"ಸುಳ್ಳು ಹೇಳಬಾರದು ಪುಟ್ಟಿ."

"ನಾನೇ ಸಾ."

"ಶಿವಶಿವ, ಇಷ್ಟುದ್ದ ಐತೆ, ಎಂಥ ಸುಳ್ಳು ಕಲ್ತೈತೆ ನೋಡು!" ಪಕ್ಕದಲ್ಲಿ ಕೂತಿದ್ದ ದಾಕ್ಷಾಯಣಮ್ಮ ಅಂದ್ಲು. ಅವಳ ಬಾಯಿಗೆ ಮಣ್ಣು ಹಾಕ್ಬೇಕು ಅನ್ನಿಸ್ತು. ಆದ್ರೆ ಅವಳನ್ನ ಬೈಯೋ ಬಾಯಿ ನನಗೆಲ್ಲಿತ್ತು? ಎದ್ದು ನಿಜ ಹೇಳಿದ್ರೆ ನನ್ನ ಒಂಬತ್ತು ವರ್ಷದ ಮರ್ಯಾದೆ ಈ ಹಾಲಲ್ಲೇ ಓಗ್ತದೆ. ಕೂತ್ರೆ ಮಗು ಸುಳ್ಳಿ ಆಗ್ತದೆ. ನಿಜ ಹೇಳ್ತೀನಿ, ಆಗ್ಲೂ ನಾನು ಕೂತೇ ಇದ್ದೆ. ಅಷ್ಟು ಹೇಡಿ ನಾನು.

ಮಾನ್ಯಳ ಕಣ್ಣಲ್ಲಿ ನೀರು ಸುರೀತಿತ್ತು. ನನ್ನ ಕಡೆನೇ ನೋಡ್ತಿದ್ಲು. ನನ್ನ ಮುಖಾನಲ್ಲ, ನನ್ನ ತಲೇನ.

ಆಗ ನೆನಪಾಯ್ತು ಆಣೆ. ಏಳು ವರ್ಷದ ಕೂಸು ಅಷ್ಟು ಜನರ ಮುಂದೆ ನಿಂತ್ಕೊಂಡು ನನ್ನ ಜೀವ ಉಳಿಸ್ತಿತ್ತು.

ಎದ್ದುಬುಟ್ಟೆ. "ಸಾ, ಮಗೂನ ಬಿಡಿ! ಓದಿದ್ದು ನಾನು. ಅವಳ ಹೆಸರಲ್ಲಿ ನಾನು ಅಕ್ಷರ ಕಲ್ತೆ. ಡೇರಿ ಅಧ್ಯಕ್ಷೆ ಶಿವಗಂಗಮ್ಮನಿಗೆ ಹೋದ ವರ್ಷದವರೆಗೂ ಓದಕ್ಕೆ ಬತ್ತಿರಲಿಲ್ಲ. ಎಲ್ರೂ ಕೇಳಿಸ್ಕೊಳಿ!"

"ಅಜ್ಜೀ! ಹೇಳ್ಬ್ಯಾಡ!" ಮಾನ್ಯ ಚಿಟಾರನೆ ಕಿರುಚಿದ್ಲು. ಟ್ಯಾಬ್ ಹಿಡ್ಕೊಂಡೇ ಮೆಟ್ಲು ಇಳಿದು ಓಡಿ ಬಂದು, ಕುರ್ಚಿ ಹತ್ತಿ ಎರಡೂ ಕೈಲಿ ನನ್ನ ತಲೆ ಅದುಮಿ ಹಿಡ್ಕೊಂಡ್ಲು. "ನಾನು ಹೇಳ್ಲಿಲ್ಲ! ನಾನು ಯಾರಿಗೂ ಹೇಳ್ಲಿಲ್ಲ!"

"ನೀನು ಹೇಳ್ಲಿಲ್ಲ ಕಣವ್ವ. ನಾನೇ ಹೇಳಿದ್ದು. ನಂಗೇನೂ ಆಗಲ್ಲ."

"ಸಾಯಲ್ವಾ?"

"ಇಲ್ಲ ಕಣೋ ಬಂಗಾರ."

ಸಾಹೇಬ್ರು ಮೈಕ್ ಹಿಡ್ಕೊಂಡು ಕೆಳಗೆ ಬಂದ್ರು. ಮಗು ಕೈಯಿಂದ ಬಿದ್ದಿದ್ದ ಟ್ಯಾಬ್ ಎತ್ತಿ ನನ್ನ ಮುಂದೆ ಹಿಡಿದ್ರು. "ಹಾಗಾದ್ರೆ ನೀವು ಓದಿ, ಅಮ್ಮ."

"ಶಿವಗಂಗಕ್ಕ, ಕನ್ನಡಕ ತಂದಿದ್ದೀಯಾ?" ದಾಕ್ಷಾಯಣಮ್ಮ ಬಿಡ್ತಾಳಾ? ನಾಲ್ಕು ಜನ ನಕ್ರು. ನಗಲಿ. ಕನ್ನಡಕ ಒಂಬತ್ತು ವರ್ಷದಿಂದ್ಲೂ ಬ್ಯಾಗಲ್ಲೇ ಇತ್ತು. ತೆಗೆದು ಹಾಕ್ಕೊಂಡೆ.

"ಕೆರೆ ಏರಿಯ ಮೇಲೆ ಒಂದು ಆಮೆ ಇತ್ತು" ಅಂತ ಓದಿದೆ. ಒಂದು ಪದಾನೂ ಬಿಡದೆ ಓದಿದೆ. ಕೊನೇ ಪುಟ ಮುಗಿಯೋವರೆಗೂ ಮಾನ್ಯ ನನ್ನ ತಲೆ ಮೇಲಿಂದ ಕೈ ತೆಗೀಲಿಲ್ಲ.